ಆಯಸ್ಕಾಂತ ಅಂಟಿದರೆ ಹಳೆಯ ಕಾರಿನ ಭಾಗ ‘ಕಂಪನಿ ಒರಿಜಿನಲ್’ ಎಂದರ್ಥವೇ?

“1965ರ ಅಂಬಾಸಿಡರ್, ಎಲ್ಲವೂ ಕಂಪನಿ ಒರಿಜಿನಲ್. ನಂಬಿಕೆ ಇಲ್ಲದಿದ್ದರೆ ಆಯಸ್ಕಾಂತ ಹಿಡಿದು ನೋಡಿ.” ಹಳೆಯ ವಾಹನಗಳನ್ನು ಮಾರುವ, ಕೊಳ್ಳುವ ಗುಂಪುಗಳಲ್ಲಿ ಈ ಧಾಟಿಯ ಸಂದೇಶಗಳು ಸಾಮಾನ್ಯ. ಜೊತೆಗೆ ಸಲಹೆಗಳೂ ಬರುತ್ತವೆ: ಆಯಸ್ಕಾಂತ ಅಂಟಿದರೆ ಅಸಲಿ, ಅಂಟದಿದ್ದರೆ ನಕಲಿ, ಪ್ಲಸ್ ತಲೆಯ ಸ್ಕ್ರೂ ಇದ್ದರೆ ನಂತರ ಹಾಕಿದ್ದು, ಹೊಳೆಯುತ್ತಿದ್ದರೆ ಚೆನ್ನಾಗಿ ಕಾಪಾಡಿದ್ದು, 50 ವರ್ಷ ದಾಟಿದರೆ ತಾನಾಗಿಯೇ ವಿಂಟೇಜ್.

ಇವುಗಳಲ್ಲಿ ಒಂದೂ ಹೇಳಿದ ಹಾಗೆ ಪೂರ್ತಿ ನಿಜವಲ್ಲ. ಆದರೆ ಇಂಥ ಮಾತನ್ನು ನಂಬಿ ಜನ ಲಕ್ಷಗಟ್ಟಲೆ ಹಣ ಕೊಡುತ್ತಾರೆ. ಕೆಲವರು ಅಸಲಿ ಹಿಡಿಕೆಯನ್ನೇ ನಕಲಿ ಎಂದುಕೊಂಡು ಕಿತ್ತು ಗುಜರಿಗೆ ಹಾಕುತ್ತಾರೆ. ಹಾಗಾಗಿ ಒಂದೊಂದನ್ನೇ ನೋಡೋಣ.

ಆಯಸ್ಕಾಂತ ಹೇಳುವುದು ಲೋಹವನ್ನು, ವಯಸ್ಸನ್ನಲ್ಲ

ಕಾರಿನಲ್ಲಿ ಹೊಳೆಯುವ ಭಾಗಗಳೆಲ್ಲ ಒಂದೇ ಲೋಹದವಲ್ಲ. 1950–70ರ ದಶಕಗಳ ಕಾರುಗಳಲ್ಲಿ ಬಂಪರ್ ಮತ್ತು ಹಬ್‌ಕ್ಯಾಪ್‌ಗಳು ಸಾಮಾನ್ಯವಾಗಿ ಉಕ್ಕಿನವು. ಉಕ್ಕಿಗೆ ಆಯಸ್ಕಾಂತ ಅಂಟುತ್ತದೆ. ಬಾಗಿಲ ಹಿಡಿಕೆ, ಹೆಸರಿನ ಬ್ಯಾಡ್ಜ್, ದೀಪದ ಕೆಲವು ಚೌಕಟ್ಟುಗಳನ್ನು ಹೆಚ್ಚಾಗಿ ಸತುವಿನ ಮಿಶ್ರಲೋಹವನ್ನು ಕರಗಿಸಿ ಅಚ್ಚಿಗೆ ಹೊಯ್ದು ಮಾಡುತ್ತಿದ್ದರು. ಅದಕ್ಕೆ ಆಯಸ್ಕಾಂತ ಅಂಟುವುದಿಲ್ಲ. ಬಾಗಿಲ ಉದ್ದಕ್ಕೂ ಇರುವ ಪಟ್ಟಿಗಳು ಅಲ್ಯೂಮಿನಿಯಮ್ ಅಥವಾ ಸ್ಟೇನ್‌ಲೆಸ್ ಸ್ಟೀಲ್‌ನವಾಗಿರಬಹುದು. ಅಲ್ಯೂಮಿನಿಯಮ್‌ಗೆ ಅಂಟುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್‌ನ ಕೆಲವು ಬಗೆಗಳಿಗೆ ಅಂಟುತ್ತದೆ, ಕೆಲವಕ್ಕೆ ಇಲ್ಲ.

ಅಂದರೆ ಅಸಲಿ ಹಿಡಿಕೆಗೆ ಆಯಸ್ಕಾಂತ ಅಂಟದೇ ಇರುವುದು ಸಹಜ. ಕಳೆದ ವರ್ಷ ಮಾಡಿದ ನಕಲಿ ಬಂಪರ್‌ಗೆ ಅಂಟುವುದೂ ಅಷ್ಟೇ ಸಹಜ.

ಲೋಹ ಯಾವುದೆಂದು ಅದು ಹಾಳಾಗುವ ರೀತಿಯಿಂದಲೂ ಗೊತ್ತಾಗುತ್ತದೆ. ಉಕ್ಕಿನ ಭಾಗದಲ್ಲಿ ಕೆಂಪು ತುಕ್ಕು ಬರುತ್ತದೆ. ಅಲ್ಯೂಮಿನಿಯಮ್ ಬಿಳಿ ಪುಡಿಯಂತಾಗುತ್ತದೆ. ಸತುವಿನ ಭಾಗದಲ್ಲಿ ಕ್ರೋಮ್ ಲೇಪದ ಕೆಳಗೆ ಸವೆತ ಶುರುವಾಗಿ, ಮೇಲ್ಮೈಯಲ್ಲಿ ಸಣ್ಣ ಸಣ್ಣ ಬೊಬ್ಬೆಗಳು ಏಳುತ್ತವೆ. ಹಳೆಯ ಹಿಡಿಕೆಯ ಮೇಲೆ ಇಂಥ ಬೊಬ್ಬೆ ಕಂಡರೆ ಅದನ್ನು ನಕಲಿ ಎಂದು ಎಸೆಯಬೇಡಿ. ಅದು ದಶಕಗಳಿಂದ ಅಲ್ಲೇ ಇದ್ದ ಭಾಗವಾಗಿರುವ ಸಾಧ್ಯತೆಯೇ ಹೆಚ್ಚು.

ಆಯಸ್ಕಾಂತದಿಂದ ನಿಜವಾದ ಉಪಯೋಗ ಬೇರೆ ಕಡೆ ಇದೆ. ಉಕ್ಕಿನ ಬಾಡಿಯ ಮೇಲೆ ತೆಳು ಬಟ್ಟೆ ಸುತ್ತಿದ ಸಣ್ಣ ಆಯಸ್ಕಾಂತವನ್ನು ಸರಿಸುತ್ತಾ ಹೋಗಿ. ಒಂದೆಡೆ ಹಿಡಿತ ತಟ್ಟನೆ ಸಡಿಲಾದರೆ ಅಲ್ಲಿ ಬಣ್ಣದ ಕೆಳಗೆ ದಪ್ಪಗೆ ಪುಟ್ಟಿ ಮೆತ್ತಿರಬಹುದು.

ಹೊಳಪು ಯಾಕೆ ಮೋಸ ಮಾಡುತ್ತದೆ?

ಕ್ರೋಮ್ ಎಂದು ನಾವು ಕರೆಯುವುದು ಒಂದೇ ಪದರವಲ್ಲ. ಉತ್ತಮ ಕೆಲಸದಲ್ಲಿ ಮೊದಲು ತಾಮ್ರ ಮತ್ತು ನಿಕಲ್, ಕೊನೆಗೆ ಕ್ರೋಮಿಯಮ್ ಬರುತ್ತದೆ. ಕ್ರೋಮಿಯಮ್ ಪದರ ಒಂದು ಮೈಕ್ರಾನ್‌ಗಿಂತಲೂ ತೆಳುವಾಗಿರುತ್ತದೆ. ತುಕ್ಕನ್ನು ತಡೆಯುವ ಹೆಚ್ಚಿನ ಕೆಲಸ ಅದರ ಕೆಳಗಿರುವ, ಹತ್ತಾರು ಪಟ್ಟು ದಪ್ಪದ ನಿಕಲ್‌ನದು. ಅಗ್ಗದ ಮರುಲೇಪನದಲ್ಲಿ ಉಳಿತಾಯ ಮಾಡುವುದು ಈ ನಿಕಲ್‌ನಲ್ಲೇ. ಹೊಸದಾಗಿ ಕಣ್ಣು ಕೋರೈಸುವ ಬಂಪರ್ ಒಂದೆರಡು ಮಳೆಗಾಲದಲ್ಲೇ ಚುಕ್ಕಿ ಚುಕ್ಕಿಯಾಗಿ ತುಕ್ಕು ಹಿಡಿಯುವುದು ಇದರಿಂದ.

ಮರುಲೇಪನ ಆಗಿದೆಯೇ ಎಂದು ತಿಳಿಯಲು ಬ್ಯಾಡ್ಜ್‌ನ ಅಕ್ಷರಗಳನ್ನು ಹತ್ತಿರದಿಂದ ನೋಡಿ. ಹೊಸ ಲೇಪನಕ್ಕೆ ಮೊದಲು ಹಳೆಯದನ್ನು ಉಜ್ಜಿ ನಯ ಮಾಡುತ್ತಾರೆ. ಆಗ ಅಕ್ಷರದ ಅಂಚುಗಳೂ ಸವೆಯುತ್ತವೆ. ಕನ್ನಡಿಯಂಥ ಹೊಳಪು ಇದ್ದೂ ಅಂಚುಗಳು ಸೋಪಿನ ತುಂಡಿನಂತೆ ದುಂಡಗಿದ್ದರೆ ಅದು ಮತ್ತೆ ಲೇಪಿಸಿದ ಭಾಗ. ಇದರಲ್ಲಿ ತಪ್ಪೇನಿಲ್ಲ. ಆದರೆ ‘ಯಾರೂ ಮುಟ್ಟೇ ಇಲ್ಲ’ ಎಂಬ ಮಾತಿಗೂ ಆ ಬೆಲೆಗೂ ಅದು ಹೊಂದುವುದಿಲ್ಲ.

‘ಒರಿಜಿನಲ್’ ಎಂದರೆ ಯಾವುದು?

ಮಾರುವವರು ಒಂದೇ ಪದವನ್ನು ನಾಲ್ಕು ಬೇರೆ ವಿಷಯಗಳಿಗೆ ಬಳಸುತ್ತಾರೆ.

1. ಕಾರ್ಖಾನೆಯಿಂದ ಹೊರಬಂದಾಗಲೇ ಆ ಕಾರಿನ ಮೇಲಿದ್ದ ಭಾಗ.
2. ಷೋರೂಮಿನಲ್ಲಿ ಡೀಲರ್ ಜೋಡಿಸಿಕೊಟ್ಟ ರೇಡಿಯೊ, ಫಾಗ್ ಲ್ಯಾಂಪ್, ಸೀಟ್ ಕವರ್‌ನಂಥ ಪರಿಕರ.
3. ಅದೇ ಕಂಪನಿಯ, ಆದರೆ ಬೇರೆ ಕಾರಿನಿಂದ ಅಥವಾ ಬೇರೆ ವರ್ಷದ ಮಾದರಿಯಿಂದ ತಂದ ಭಾಗ.
4. ಹಳೆಯದರ ಅಳತೆ ತೆಗೆದು ಈಗ ಮಾಡಿದ ಪ್ರತಿರೂಪ.

ನಾಲ್ಕೂ ಬೆಲೆಯುಳ್ಳವೇ, ಆದರೆ ಒಂದೇ ಬೆಲೆಯವಲ್ಲ. ‘ಒರಿಜಿನಲ್ಲಾ?’ ಎಂದು ಕೇಳಿದರೆ ಉತ್ತರ ಯಾವಾಗಲೂ ‘ಹೌದು’. ‘ಈ ನಾಲ್ಕರಲ್ಲಿ ಯಾವುದು?’ ಎಂದು ಕೇಳಿ.

ಇಸವಿ ತಾಳೆ ನೋಡಿ

ಅತ್ಯಂತ ಬಲವಾದ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಆರ್‌ಸಿಯಲ್ಲಿರುವ ತಯಾರಿಕೆಯ ವರ್ಷವನ್ನು ಭಾಗಗಳ ವರ್ಷದ ಜೊತೆ ಹೋಲಿಸಿದರೆ ಸಾಕು.

ಅಂಬಾಸಿಡರ್ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಅಷ್ಟು ವರ್ಷ ಬಾಡಿಯ ಆಕಾರ ಹೆಚ್ಚೇನೂ ಬದಲಾಗಲಿಲ್ಲ. ಬದಲಾದದ್ದು ಮುಖ್ಯವಾಗಿ ಮುಂಭಾಗದ ಗ್ರಿಲ್, ದೀಪಗಳು, ಡ್ಯಾಷ್‌ಬೋರ್ಡ್. 1960ರ ದಶಕದ ಮಾರ್ಕ್ 2ರಲ್ಲಿ ಒತ್ತೊತ್ತಾದ ಚೌಕುಳಿಯ ಗ್ರಿಲ್ ಇತ್ತು. 1975ರ ಮಾರ್ಕ್ 3ರಲ್ಲಿ ಅಡ್ಡ ಪಟ್ಟಿಗಳು ಬಂದವು. 1979ರ ಮಾರ್ಕ್ 4ರಲ್ಲಿ ಮುಂಭಾಗ ಮತ್ತೆ ಬದಲಾಯಿತು. ಬಾಡಿ ಹೆಚ್ಚುಕಮ್ಮಿ ಒಂದೇ ಆಗಿರುವುದರಿಂದ ಮುರಿದ ಗ್ರಿಲ್ ಜಾಗಕ್ಕೆ ಸಿಕ್ಕಿದ ವರ್ಷದ್ದನ್ನು ಕೂರಿಸುವುದು ರೂಢಿ. 1965ರ ಕಾರಿಗೆ ಅಡ್ಡ ಪಟ್ಟಿಯ ಗ್ರಿಲ್ ಇದ್ದರೆ ಅದು ಅಂಬಾಸಿಡರ್‌ನದೇ ಭಾಗ, ಆದರೆ ಆ ಕಾರಿನದಲ್ಲ.

ಹೆಸರಿನ ಬ್ಯಾಡ್ಜ್ ಇನ್ನೂ ಸುಲಭದ ಸುಳಿವು. ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸಿದ ಫಿಯೆಟ್ 1100 ಕಾರಿಗೆ ‘ಪದ್ಮಿನಿ’ ಎಂಬ ಹೆಸರು ಬಂದದ್ದು 1970ರ ದಶಕದಲ್ಲಿ. 1968ರ ಕಾರಿನ ಮೇಲೆ ‘ಪದ್ಮಿನಿ’ ಎಂದಿದ್ದರೆ ಅದು ನಂತರ ಅಂಟಿಸಿದ್ದು. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕ್‌ಗಳಿಗೂ ಇದೇ ಲೆಕ್ಕ. 1961ರಿಂದ ‘ಜಾವಾ’ ಹೆಸರಿನಲ್ಲಿ ಹೊರಬಂದ ಅವು 1973ರ ಹೊತ್ತಿಗೆ ‘ಯೆಜ್ಡಿ’ ಆದವು. ಕಾರ್ಖಾನೆ 1996ರಲ್ಲಿ ಮುಚ್ಚಿತು. 1985ರ ಬೈಕಿನ ಟ್ಯಾಂಕಿನ ಮೇಲೆ ‘ಜಾವಾ’ ಎಂದಿದ್ದರೆ ಯಾರೋ ಅದರ ವಯಸ್ಸು ಹೆಚ್ಚಿಸಿದ್ದಾರೆ.

ಕೆಲವು ಭಾಗಗಳ ಮೇಲೆ ದಿನಾಂಕವೇ ಇರುತ್ತದೆ. ಬ್ರಿಟನ್ನಿನ ಲ್ಯೂಕಾಸ್ ಕಂಪನಿ ತನ್ನ ಅನೇಕ ವಿದ್ಯುತ್ ಭಾಗಗಳ ಮೇಲೆ ತಿಂಗಳು ಮತ್ತು ವರ್ಷವನ್ನು ಒತ್ತುತ್ತಿತ್ತು. ‘3 64’ ಎಂದರೆ 1964ರ ಮಾರ್ಚ್. ಅಲ್ಲಿನದೇ ಟ್ರಿಪ್ಲೆಕ್ಸ್ ಗಾಜಿನ ಮೂಲೆಯ ಗುರುತಿನಲ್ಲಿ ಅಕ್ಷರಗಳ ಜೊತೆಗಿರುವ ಚುಕ್ಕಿಗಳು ತಯಾರಿಕೆಯ ಕಾಲವನ್ನು ಸೂಚಿಸುತ್ತವೆ. ಭಾಗ ಕಾರಿಗಿಂತ ಕೆಲವು ವಾರ ಅಥವಾ ತಿಂಗಳು ಹಳೆಯದಾಗಿರಬೇಕು. ಕಾರಿಗಿಂತ ಹೊಸದಾಗಿದ್ದರೆ ಅದು ಬದಲಾಗಿದೆ ಎಂದೇ ಅರ್ಥ.

ತೂತು ಮತ್ತು ಬಣ್ಣ ಸುಳ್ಳು ಹೇಳುವುದು ಕಷ್ಟ

ಕಾರ್ಖಾನೆಯಲ್ಲಿ ಬ್ಯಾಡ್ಜ್ ಮತ್ತು ಪಟ್ಟಿಗಳ ತೂತುಗಳನ್ನು ಬಣ್ಣ ಬಳಿಯುವ ಮೊದಲೇ ಮಾಡಿರುತ್ತಾರೆ. ಹಾಗಾಗಿ ತೂತಿನ ಒಳಅಂಚಿಗೂ ಬಣ್ಣ ಹತ್ತಿರುತ್ತದೆ, ಎರಡೂ ಬದಿಯ ತೂತುಗಳು ಒಂದೇ ಅಳತೆಯಲ್ಲಿರುತ್ತವೆ. ನಂತರ ಡ್ರಿಲ್ ಮಾಡಿದ ತೂತಿನಲ್ಲಿ ಬರಿ ಲೋಹ ಕಾಣುತ್ತದೆ, ಅಂಚು ಒರಟಾಗಿರುತ್ತದೆ, ಸುತ್ತ ಬಣ್ಣ ಬಿರಿದು ತುಕ್ಕು ಹಿಡಿದಿರುತ್ತದೆ. ಡಿಕ್ಕಿಯ ಮುಚ್ಚಳದ ಒಳಗಿನಿಂದ ನೋಡಿದರೆ ಇದು ಬಿಚ್ಚದೆಯೇ ಗೊತ್ತಾಗುತ್ತದೆ.

ಬಿಸಿಲಿನ ಅತಿನೇರಳೆ ಕಿರಣಗಳು ಬಣ್ಣವನ್ನು ಮಂಕಾಗಿಸುತ್ತವೆ. ಪಟ್ಟಿಯ ಕೆಳಗಿನ ಬಣ್ಣ ಮಾತ್ರ ನೆರಳಿನಲ್ಲಿ ಉಳಿಯುತ್ತದೆ. ಪಟ್ಟಿ ಸರಿಸಿದಾಗ ಕೆಳಗೆ ಅದೇ ಬಣ್ಣ ಗಾಢವಾಗಿ, ಅದೇ ಆಕಾರದಲ್ಲಿ ಕಂಡರೆ ಆ ಪಟ್ಟಿ ಬಹುಕಾಲದಿಂದ ಅಲ್ಲೇ ಇತ್ತು. ಬೇರೆಯೇ ಬಣ್ಣ ಕಂಡರೆ ಕಾರಿಗೆ ಮತ್ತೆ ಬಣ್ಣ ಹೊಡೆದಿದ್ದಾರೆ.

ಇನ್ನು ಪ್ಲಸ್ ತಲೆಯ ಸ್ಕ್ರೂ. ಅಮೆರಿಕದ ಕಾರು ಕಾರ್ಖಾನೆಗಳು 1930ರ ದಶಕದಲ್ಲೇ ಅದನ್ನು ಬಳಸತೊಡಗಿದ್ದವು. ಅದೊಂದನ್ನೇ ನೋಡಿ ‘ಇದು ಹೊಸದು’ ಎನ್ನಲಾಗದು.

ಒರಿಜಿನಲ್ ಇರಲೇಬಾರದ ಭಾಗಗಳು

‘ಟೈರ್ ಕೂಡ ಕಂಪನಿಯದ್ದೇ’ ಎಂಬುದು ಹೊಗಳಿಕೆಯಲ್ಲ, ಎಚ್ಚರಿಕೆ. ಓಡಿಸದೆ ಇಟ್ಟರೂ ರಬ್ಬರ್ ಗಟ್ಟಿಯಾಗಿ ಬಿರಿಯುತ್ತದೆ. ಮೇಲೆ ಗೆರೆಗಳು ಆಳವಾಗಿ ಕಂಡರೂ ಒಳಗೆ ಪದರ ಬಿಟ್ಟಿರಬಹುದು. 2000ದಿಂದೀಚಿನ ಟೈರ್‌ಗಳ ಬದಿಯಲ್ಲಿ ನಾಲ್ಕು ಅಂಕಿಯ ಗುರುತು ಇರುತ್ತದೆ: 2319 ಎಂದರೆ 2019ರ 23ನೇ ವಾರ. ರಸ್ತೆಗಿಳಿಸುವ ಕಾರಿಗೆ ಹೊಸ ಟೈರ್ ಹಾಕಿಸಿ. ಹಳೆಯದನ್ನು ಬೇಕಿದ್ದರೆ ನೆನಪಿಗಾಗಿ ಇಟ್ಟುಕೊಳ್ಳಿ.

ಹಳೆಯ ಕಾರುಗಳ ಬ್ರೇಕ್ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಬಳಕೆ ಸಾಮಾನ್ಯವಾಗಿತ್ತು. ಅದರ ಧೂಳು ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು. ಬ್ರೇಕ್ ಡ್ರಮ್ ಬಿಚ್ಚಿ ಬಾಯಿಂದಲೋ ಗಾಳಿಯ ಪೈಪಿನಿಂದಲೋ ಊದಿ ಸ್ವಚ್ಛ ಮಾಡುವುದನ್ನು ನೀವೂ ಮಾಡಬೇಡಿ, ಮೆಕ್ಯಾನಿಕ್ ಮಾಡಲೂ ಬಿಡಬೇಡಿ. ಒದ್ದೆ ಮಾಡಿ ಒರೆಸುವುದು ಸುರಕ್ಷಿತ.

ಸೀಟ್ ಬೆಲ್ಟ್ ವಿಷಯ ಇನ್ನೂ ಸ್ಪಷ್ಟ. ಭಾರತದಲ್ಲಿ ಕಾರಿನ ಮುಂದಿನ ಸೀಟುಗಳಿಗೆ ಬೆಲ್ಟ್ ಅಳವಡಿಕೆ ಕಡ್ಡಾಯವಾದದ್ದು 1994ರಲ್ಲಿ. 1965ರ ಅಂಬಾಸಿಡರ್‌ನಲ್ಲಿ ಬೆಲ್ಟ್ ಇದ್ದರೆ ಅದನ್ನು ಯಾರೋ ನಂತರ ಹಾಕಿಸಿರುವ ಸಾಧ್ಯತೆಯೇ ಹೆಚ್ಚು. ‘ಒರಿಜಿನಲ್ ಅಲ್ಲ’ ಎಂದು ಕಿತ್ತು ಹಾಕಬೇಡಿ.

50 ವರ್ಷವಾದರೆ ತಾನಾಗಿಯೇ ವಿಂಟೇಜ್?

ಇಲ್ಲ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ವಾಣಿಜ್ಯ ಬಳಕೆಯದ್ದಲ್ಲದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ವಾಹನ ಮೂಲ ರೂಪದಲ್ಲೇ ಇರಬೇಕು. ಷಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಅವಧಿ 10 ವರ್ಷ. ಹೊಸದಾಗಿ ನೋಂದಾಯಿಸುವ ವಾಹನದ ನಂಬರಿನಲ್ಲಿ ರಾಜ್ಯದ ಸಂಕೇತದ ನಂತರ ‘ವಿಎ’ ಎಂಬ ಅಕ್ಷರಗಳು ಬರುತ್ತವೆ. ಇಂಥ ವಾಹನವನ್ನು ದಿನನಿತ್ಯ ಓಡಿಸುವಂತಿಲ್ಲ.

ಹಾಗಾಗಿ ಬ್ಯಾಡ್ಜ್‌ಗಿಂತ ಮೊದಲು ನೋಡಬೇಕಾದದ್ದು ಷಾಸಿ ಮತ್ತು ಎಂಜಿನ್ ನಂಬರ್. ಆರ್‌ಸಿಯಲ್ಲಿರುವುದಕ್ಕೂ ಲೋಹದ ಮೇಲಿರುವುದಕ್ಕೂ ಒಂದಕ್ಷರ ವ್ಯತ್ಯಾಸವಿದ್ದರೂ, ನಂಬರಿನ ಸುತ್ತ ಉಜ್ಜಿದ ಗುರುತಿದ್ದರೂ ಮುಂಗಡ ಕೊಡಬೇಡಿ. ಗ್ರಿಲ್ ತಪ್ಪಿದ್ದರೆ ಹುಡುಕಿ ಸರಿಪಡಿಸಬಹುದು. ನಂಬರ್ ತಿದ್ದಿದ್ದರೆ ಪೊಲೀಸರು ನಿಮ್ಮ ಮನೆಗೆ ಬರಬಹುದು.

ಹಣ ಕಳಿಸುವ ಮುನ್ನ, ಫಾರ್ವರ್ಡ್ ಮಾಡುವ ಮುನ್ನ

ಹೊಳೆಯುವ ಮುಂಭಾಗದ ಒಂದು ಫೋಟೊ ಸಾಲದು. ಮಾರುವವರಿಂದ ಈ ಐದು ಫೋಟೊಗಳನ್ನು ಕೇಳಿ: ಆರ್‌ಸಿ, ಷಾಸಿ ಮತ್ತು ಎಂಜಿನ್ ನಂಬರ್, ಗಾಜಿನ ಮೂಲೆಯ ಗುರುತು, ಬ್ಯಾಡ್ಜ್‌ನ ಹಿಂಬದಿಯ ತೂತುಗಳು, ಟೈರ್ ಬದಿಯ ಅಂಕಿ. ನಿಜವಾಗಿ ಕಾರು ಇರುವವರಿಗೆ ಇದು ಹತ್ತು ನಿಮಿಷದ ಕೆಲಸ. ‘ನೇರವಾಗಿ ಬಂದು ನೋಡಿ, ಆದರೆ ಮೊದಲು ಟೋಕನ್ ಹಣ ಹಾಕಿ’ ಎಂದರೆ ಅಲ್ಲಿಗೇ ಬಿಡಿ.

ಸಾರಾಂಶ: ಆಯಸ್ಕಾಂತ ಅಂಟುವುದು ಅಥವಾ ಅಂಟದಿರುವುದು ಭಾಗ ಯಾವ ಲೋಹದ್ದು ಎಂಬುದರ ಸುಳಿವಷ್ಟೇ. ಅದು ಕಾರ್ಖಾನೆಯದೋ ಅಲ್ಲವೋ ಎಂಬುದನ್ನು ಇಸವಿ, ತೂತು, ಬಣ್ಣ ಮತ್ತು ದಾಖಲೆ ಒಟ್ಟಿಗೆ ಹೇಳಬೇಕು. ‘ಆಯಸ್ಕಾಂತ ಅಂಟಿದರೆ ಒರಿಜಿನಲ್’ ಎಂಬ ಹೇಳಿಕೆ ತಪ್ಪು.