ಕುರ್ಚಿಗೆ ಮೋಟಾರು ಬಂತು, ಅಂಗಡಿ ಮೆಟ್ಟಿಲು ಇಳಿಯಲಿಲ್ಲ

ಸಾಗರ: ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗಿನಿಂದ ಲಾಂಚಿಗೆ ಕಾದವರಿಗೆ ಅಂತೂ ದಾರಿಯಾಯ್ತು. ಸಂತೋಷ. ಆದರೆ ಜಗಲಿಯಿಂದ ಅಂಗಳಕ್ಕಿರುವ ಮೂರು ಮೆಟ್ಟಿಲು ಇಳಿಯಲಾಗದೆ ಮನೆಯಲ್ಲೇ ಉಳಿದವರಿಗೆ ಸೇತುವೆ ಯಾವುದು ಸ್ವಾಮಿ?

ಸೆರೆಬ್ರಲ್ ಪಾಲ್ಸಿ ಇರುವವರ ಮಾತು ಇದು. ಹುಟ್ಟುವ ಮುಂಚೆಯೋ, ಹುಟ್ಟುವಾಗಲೋ, ಹುಟ್ಟಿದ ಸ್ವಲ್ಪ ದಿನಕ್ಕೋ ಮೆದುಳಿಗೆ ಪೆಟ್ಟಾಗಿ ಕೈಕಾಲು ಹೇಳಿದ ಮಾತು ಕೇಳುವುದಿಲ್ಲ. ಇದು ಪೋಲಿಯೋ ಅಲ್ಲ, ಅಂಟುರೋಗವೂ ಅಲ್ಲ. ಮಾತು ತೊದಲಿದ ಮಾತ್ರಕ್ಕೆ ಬುದ್ಧಿ ಮಂದ ಅಂತ ತೀರ್ಮಾನ ಮಾಡಬೇಡಿ. ಎಷ್ಟೋ ಜನಕ್ಕೆ ಎಲ್ಲವೂ ಅರ್ಥವಾಗುತ್ತದೆ, ಹೇಳಲು ನಾಲಿಗೆ ಹೊರಳುವುದಿಲ್ಲ ಅಷ್ಟೆ.

ಮಗು ಚಿಕ್ಕದಿರುವಾಗ ಅಮ್ಮ ಸೊಂಟದ ಮೇಲೆ ಹೊರುತ್ತಾಳೆ. ಮಗನಿಗೆ ಇಪ್ಪತ್ತು, ಅಮ್ಮನಿಗೆ ಐವತ್ತು ಆದಾಗ ಹೊರುವವರಾರು?

ಸರ್ಕಾರ ಅಕ್ಕಪಕ್ಕ ಚಕ್ರ ಕೂಡಿಸಿದ ಸ್ಕೂಟರ್ ಕೊಡುತ್ತದೆ. ಅದು ಕೈ ಗಟ್ಟಿ ಇದ್ದವರಿಗೆ ಆಯ್ತು. ಕೈಯೂ ನಡುಗುವವರು ಹ್ಯಾಂಡಲ್ ಹಿಡಿಯುವುದು ಹೇಗೆ? ಅವರಿಗೆ ಬೇಕಾದ್ದು ಬ್ಯಾಟರಿ ಕುರ್ಚಿ. ಕೆಳಗೆ ಬ್ಯಾಟರಿ, ಹಿಂದಿನ ಎರಡು ಚಕ್ರಕ್ಕೆ ಎರಡು ಮೋಟಾರು. ಒಂದು ಚಕ್ರ ಜೋರಾಗಿ, ಇನ್ನೊಂದು ನಿಧಾನ ತಿರುಗಿದರೆ ಕುರ್ಚಿ ತಿರುಗುತ್ತದೆ. ನಡೆಸುವ ಕಡ್ಡಿ ಕೈಯಲ್ಲೇ ಇರಬೇಕೆಂದಿಲ್ಲ. ಗಲ್ಲದ ಹತ್ತಿರವೋ ಕಾಲಿನ ಹತ್ತಿರವೋ ಕೂರಿಸಬಹುದು. ಒಳ್ಳೆ ಕುರ್ಚಿಯಲ್ಲಿ ಕೈ ನಡುಗಿದರೂ ಚಕ್ರ ಅದುರದಂತೆ ಹೊಂದಿಸಬಹುದು.

ಇದೇನು ನಿನ್ನೆ ಮೊನ್ನೆಯ ಮಾಯೆ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗಾಗಿ ಕೆನಡಾದ ಎಂಜಿನಿಯರ್ ಜಾರ್ಜ್ ಕ್ಲೈನ್ ಮಾಡಿದ ಕುರ್ಚಿಯ ಸಂತತಿ ಇದು. ನಮ್ಮಲ್ಲಿ ಕಾನ್ಪುರದ ಅಲಿಮ್ಕೊ 1972ರಲ್ಲಿ ಹುಟ್ಟಿತು. ಅಂಗವಿಕಲರಿಗೆ ಸಲಕರಣೆ ಕೊಡುವ ಕೇಂದ್ರದ ಅಡಿಪ್ ಯೋಜನೆ 1981ರದ್ದು.

2014ರ ಅಡಿಪ್ ನಿಯಮದಲ್ಲಿ ಮೋಟಾರು ಗಾಡಿ-ಕುರ್ಚಿಗೆ ಸೆರೆಬ್ರಲ್ ಪಾಲ್ಸಿಯವರ ಹೆಸರನ್ನೂ ಬರೆದರು, 25 ಸಾವಿರ ರೂಪಾಯಿ ಸಹಾಯಧನ ಇಟ್ಟರು. ಜೊತೆಗೆ ಒಂದು ಬೇಲಿಯನ್ನೂ ಹಾಕಿದರು: 16 ವರ್ಷ ತುಂಬಿರಬೇಕು. ಎರಡು-ಮೂರು ವರ್ಷದ ಮಕ್ಕಳೂ ಇಂಥ ಕುರ್ಚಿ ನಡೆಸಲು ಕಲಿಯುತ್ತಾರೆಂದು ಅಮೆರಿಕದಲ್ಲಿ 1980ರ ದಶಕದಲ್ಲೇ ತೋರಿಸಿದ್ದರು. ಹದಿನಾರು ತುಂಬುವ ಹೊತ್ತಿಗೆ ಶಾಲೆಯ ಕಾಲವೇ ಮುಗಿದುಹೋಗಿರುತ್ತದಲ್ಲ!

ಈಗಿನ ಲೆಕ್ಕ, ಅರ್ಜಿ, ಯುಡಿಐಡಿ ಕಾರ್ಡು ಇವುಗಳ ಬಗ್ಗೆ ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ತಾಲ್ಲೂಕು ಪಂಚಾಯ್ತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ಪಂಚಾಯ್ತಿಯ ಸ್ವಂತ ಹಣದಲ್ಲಿ ಅಂಗವಿಕಲರಿಗೆಂದು ಶೇಕಡಾ 5 ಎತ್ತಿಡಬೇಕು. ಅದು ಎಲ್ಲಿ ಖರ್ಚಾಯ್ತು ಅಂತ ಗ್ರಾಮಸಭೆಯಲ್ಲಿ ಕೇಳುವುದು ತಪ್ಪಲ್ಲ.

ಕುರ್ಚಿ ಬಂದರೂ ಮಲೆನಾಡು ಮಲೆನಾಡೇ. ಆಗುಂಬೆ ಮಳೆಗೆ ಮೋಟಾರು ನೆನೆಯಬಾರದು, ಹೊಸನಗರದ ಏರು-ಇಳುಕಲಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ರಾತ್ರಿ ಚಾರ್ಜಿಗಿಟ್ಟರೆ ಕರೆಂಟು ಇರಬೇಕು. ಕೆಟ್ಟರೆ ಬೆಂಗಳೂರಿಗೆ ಹೊರುವುದೇ? ಪಂಪ್‌ಸೆಟ್ ಮೋಟಾರು ಸುತ್ತುವವರು, ಎಲೆಕ್ಟ್ರಿಕ್ ಸ್ಕೂಟರ್ ರಿಪೇರಿಯವರು ನಮ್ಮೂರಲ್ಲೇ ಇದ್ದಾರೆ. ಅವರಿಗೆ ನಾಲ್ಕು ದಿನ ತರಬೇತಿ ಕೊಡಿಸಿದರೆ ಅರ್ಧ ಸಮಸ್ಯೆ ತೀರಿತು.

ಉಳಿದರ್ಧ ನಮ್ಮ ಕೈಯಲ್ಲಿದೆ. ತೀರ್ಥಹಳ್ಳಿ ಪೇಟೆಯಿರಲಿ, ಸಾಗರದ ಪೇಟೆಯಿರಲಿ, ಚರಂಡಿ ದಾಟಿ ಮೆಟ್ಟಿಲು ಹತ್ತಿದರೇ ಅಂಗಡಿ. ಮನುಷ್ಯ ಕೂತ ಬ್ಯಾಟರಿ ಕುರ್ಚಿಯನ್ನು ಇಬ್ಬರು ಸೇರಿದರೂ ಎತ್ತುವುದು ಕಷ್ಟ. ಲೆಕ್ಕ ಸುಲಭ: ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದದ ಇಳಿಜಾರು. ಅರ್ಧ ಅಡಿ ಮೆಟ್ಟಿಲಿಗೆ ಆರು ಅಡಿಯ ಗಟ್ಟಿ ಹಲಗೆ ಸಾಕು. ಬೆಳಿಗ್ಗೆ ಹಾಕಿ, ಬಾಗಿಲು ಮುಚ್ಚುವಾಗ ಒಳಗಿಡಿ. ಮೊಣಕಾಲು ನೋವಿನ ಅಜ್ಜಿಗೂ, ಅಕ್ಕಿಮೂಟೆ ತಳ್ಳುವ ಹಮಾಲಿಗೂ ಅದೇ ಹಲಗೆ ಆಗುತ್ತದೆ.

ಬಸ್ಸಿನ ಮೆಟ್ಟಿಲು ಇನ್ನೂ ಎತ್ತರ. ಅದಕ್ಕೆ ಹಲಗೆ ಸಾಲದು, ಸರ್ಕಾರದ ಮನಸ್ಸು ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಸ್ಸು, ಬಸ್‌ಸ್ಟ್ಯಾಂಡು ಎಲ್ಲವೂ ಇವರಿಗೆ ಎಟುಕುವಂತಿರಬೇಕು ಅಂತ ಹೇಳಿದೆ. ಕಾಯ್ದೆ ಬಸ್ಸು ಹತ್ತುವುದು ಯಾವಾಗಲೋ! ಅಲ್ಲಿಯವರೆಗೆ ಅಂಗಡಿಯ ಹಲಗೆಯಾದರೂ ಬೀಳಲಿ. ಗಿರಾಕಿ ಒಳಗೆ ಬಂದರೆ ನಷ್ಟ ಯಾರಿಗೂ ಇಲ್ಲ.