ಶಾಲೆ ಬಿಟ್ಟ ಮೇಲಿನ ಮೂರು ತಾಸು

ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಸನಿವೇಲ್, ಕ್ಯುಪರ್ಟಿನೊ ಕಡೆ ಕೆಲಸಕ್ಕೆಂದು ಹೋದ ಕನ್ನಡಿಗರು ಮಕ್ಕಳನ್ನು ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸುವಾಗ ತುಂಬಿಕೊಡುವ ಕಾಗದಗಳಲ್ಲಿ ಒಂದು ಮನೆಮಾತಿಗೆ ಸಂಬಂಧಿಸಿದ್ದು. ಅದರಲ್ಲಿರುವುದು ನಾಲ್ಕೇ ಪ್ರಶ್ನೆ. ಮಗು ಮೊದಲು ಕಲಿತ ಮಾತು ಯಾವುದು? ಮನೆಯಲ್ಲಿ ಅದು ಹೆಚ್ಚಾಗಿ ಆಡುವ ಭಾಷೆ ಯಾವುದು? ಅಪ್ಪ ಅಮ್ಮ ಮಗುವಿನ ಜೊತೆ ಹೆಚ್ಚಾಗಿ ಯಾವುದರಲ್ಲಿ ಮಾತಾಡುತ್ತಾರೆ? ಮನೆಯ ದೊಡ್ಡವರು ಬಳಸುವ ಭಾಷೆ ಯಾವುದು? ಮೊದಲ ಮೂರರಲ್ಲಿ ಒಂದಕ್ಕೆ ‘ಕನ್ನಡ’ ಎಂದು ಬರೆದರೂ ಸಾಕು, ಶಾಲೆಯವರು 30 ದಿನಗಳೊಳಗೆ ಮಗುವಿಗೆ ‘ಎಲ್‌ಪ್ಯಾಕ್’ ಎಂಬ ಇಂಗ್ಲಿಷ್ ಪರೀಕ್ಷೆ ಮಾಡಬೇಕಾಗುತ್ತದೆ. ಅದರಲ್ಲಿ ಗೊತ್ತುಪಡಿಸಿದ ಮಟ್ಟ ಮುಟ್ಟದ ಮಗು ‘ಇಂಗ್ಲಿಷ್ ಲರ್ನರ್’ ಪಟ್ಟಿಗೆ ಸೇರುತ್ತದೆ.

ಈ ಪಟ್ಟಿಯ ಹೆಸರು ಕೇಳಿದರೆ ಕೆಲವು ತಂದೆತಾಯಿಯರಿಗೆ ಅಳುಕು. ಮಗುವಿಗೆ ‘ದಡ್ಡ’ ಎಂಬ ಹಣೆಪಟ್ಟಿ ಬಿದ್ದಂತೆ ಅವರಿಗೆ ಅನಿಸುತ್ತದೆ. ನಾಲ್ಕೂ ಕಡೆ ‘ಇಂಗ್ಲಿಷ್’ ಎಂದು ಬರೆದು ಪಾರಾಗೋಣ ಎಂಬ ಯೋಚನೆ ಬರುತ್ತದೆ. ಹಾಗೆ ಬರೆಯುವುದು ತಪ್ಪು. ಆ ಪಟ್ಟಿ ಇರುವುದು ನೆರವು ಸಿಗಲಿ ಎಂದು. ಆ ನೆರವಿಗಾಗಿ ಅಲ್ಲಿನ ಬಡವರು ಸುಪ್ರೀಂ ಕೋರ್ಟಿನವರೆಗೆ ಹೋಗಿ ಹೋರಾಡಿದ್ದಾರೆ.

ಬೆಂಗಳೂರಿನ ಕಾನ್ವೆಂಟಿನಲ್ಲಿ ಎರಡು ವರ್ಷ ಓದಿ ಅಲ್ಲಿಗೆ ಹೋದ ಮಗು ಆ ಪರೀಕ್ಷೆಯನ್ನು ಸಾಮಾನ್ಯವಾಗಿ ಸಲೀಸಾಗಿ ದಾಟುತ್ತದೆ. ಪಟ್ಟಿಯಲ್ಲಿ ವರ್ಷಗಟ್ಟಲೆ ಉಳಿಯುವವರು ಬೇರೆಯವರು. ಕ್ಯಾಲಿಫೋರ್ನಿಯಾ ಒಂದರಲ್ಲೇ ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು ಸುಮಾರು ಹತ್ತು ಲಕ್ಷ ಇದ್ದಾರೆ. ಇಡೀ ಅಮೆರಿಕದಲ್ಲಿ ಸುಮಾರು 50 ಲಕ್ಷ, ಅಂದರೆ ಸರ್ಕಾರಿ ಶಾಲೆಯ ಹತ್ತು ಮಕ್ಕಳಲ್ಲಿ ಒಬ್ಬರು. ಇವರಲ್ಲಿ ಮುಕ್ಕಾಲು ಪಾಲಿನ ಮನೆಮಾತು ಸ್ಪ್ಯಾನಿಷ್. ಸಲೀನಾಸ್ ಕಣಿವೆಯ ಹೊಲಗಳಲ್ಲಿ ಲೆಟಿಸ್ ಸೊಪ್ಪು, ಸ್ಟ್ರಾಬೆರಿ ಕೊಯ್ಯುವ ಕೂಲಿಗಳ ಮಕ್ಕಳು ಇದರಲ್ಲಿದ್ದಾರೆ. ಮೆಕ್ಸಿಕೊದ ವಹಾಕಾದಿಂದ ಬಂದ ಮಿಕ್ಸ್‌ಟೆಕ್ ಕುಟುಂಬಗಳ ಕೆಲವು ಮಕ್ಕಳಿಗಂತೂ ಸ್ಪ್ಯಾನಿಷ್ ಕೂಡ ಪರಭಾಷೆಯೇ. ಅಪ್ಪ ಅಮ್ಮ ಹೊತ್ತು ಮೂಡುವ ಮುಂಚೆ ಹೊಲಕ್ಕೆ ಹೋಗಿರುತ್ತಾರೆ. ಶಾಲೆ ಮಧ್ಯಾಹ್ನ ಮೂರರ ಹೊತ್ತಿಗೆ ಬಿಡುತ್ತದೆ. ದೊಡ್ಡವರು ಮನೆಗೆ ಬರುವ ತನಕ ಆ ಮಗು ಎಲ್ಲಿರಬೇಕು, ಯಾರ ಜೊತೆ ಮಾತಾಡಬೇಕು? ಅಲ್ಲಿನ ಶಾಲೋತ್ತರ ಕೇಂದ್ರಗಳು ಹುಟ್ಟಿಕೊಂಡದ್ದೇ ಈ ಪ್ರಶ್ನೆಯಿಂದ.

ಮೊದಲು ಕಾನೂನಿನ ಮಾತು. 1970ರ ಸುಮಾರಿಗೆ ಸ್ಯಾನ್ ಫ್ರಾನ್ಸಿಸ್ಕೊ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮಕ್ಕಳು ಯಾವ ಹೆಚ್ಚಿನ ನೆರವೂ ಇಲ್ಲದೆ ತರಗತಿಯಲ್ಲಿ ಕೂತಿದ್ದರು. ಅವರ ಪರವಾಗಿ ನಡೆದ ‘ಲಾವ್ ವಿರುದ್ಧ ನಿಕೋಲ್ಸ್’ ಮೊಕದ್ದಮೆಯಲ್ಲಿ 1974ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಮ್ಮತದ ತೀರ್ಪು ಕೊಟ್ಟಿತು. ಎಲ್ಲರಿಗೂ ಅದೇ ಕೊಠಡಿ, ಅದೇ ಪುಸ್ತಕ, ಅದೇ ಮೇಷ್ಟ್ರನ್ನು ಕೊಟ್ಟ ಮಾತ್ರಕ್ಕೆ ಸಮಾನತೆ ಬಂದಂತಾಗದು, ಪಾಠದ ಭಾಷೆಯೇ ತಿಳಿಯದ ಮಗುವಿಗೆ ಶಿಕ್ಷಣ ಸಿಕ್ಕಿದಂತಲ್ಲ ಎಂಬುದು ಅದರ ಸಾರ. 1982ರಲ್ಲಿ ಟೆಕ್ಸಾಸಿನ ‘ಪ್ಲೈಲರ್ ವಿರುದ್ಧ ಡೋ’ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ದಾಖಲೆಪತ್ರವಿಲ್ಲದೆ ದೇಶದೊಳಗೆ ಬಂದವರ ಮಕ್ಕಳಿಗೂ ಸರ್ಕಾರಿ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಎಂದಿತು. ಇವತ್ತು ಅಲ್ಲಿನ ಯಾವ ಮಗುವಿನ ಭಾಷೆಯ ಹಕ್ಕಿನ ಬಗ್ಗೆ ಮಾತಾಡಿದರೂ ಕೆಳಗೆ ಈ ಎರಡು ತೀರ್ಪುಗಳ ಬುನಾದಿ ಇರುತ್ತದೆ.

ಹಕ್ಕು ಸಿಕ್ಕಿತು, ಆದರೆ ಹೊತ್ತು ಸಾಲದು. ಭಾಷೆ ಕಲಿಯಲು ಎಷ್ಟು ಕಾಲ ಬೇಕು ಎಂಬುದನ್ನು ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಿಂದಲೇ ಬಿಡಿಸಿ ಹೇಳುತ್ತ ಬಂದಿದ್ದಾರೆ. ಆಟದ ಬಯಲಲ್ಲಿ ಆಡುವ ಮಾತು ಎರಡು ವರ್ಷದಲ್ಲಿ ಬಂದೀತು. ವಿಜ್ಞಾನದ ಪಾಠ ಓದಿ, ಕಾರಣ ಹೇಳಿ, ವಾದಿಸಿ ಬರೆಯುವ ಭಾಷೆಗೆ ಐದರಿಂದ ಏಳು ವರ್ಷ ಬೇಕು. 2000ದಲ್ಲಿ ಸ್ಟ್ಯಾನ್‌ಫರ್ಡಿನ ಕೆಂಜಿ ಹಕುಟ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ್ದೂ ಸೇರಿದಂತೆ ಹಲವು ಶಾಲಾ ಜಿಲ್ಲೆಗಳ ಅಂಕಿಅಂಶ ನೋಡಿ ಹೆಚ್ಚು ಕಡಿಮೆ ಇದನ್ನೇ ಕಂಡುಕೊಂಡರು. ಮಗು ಗೆಳೆಯರ ಜೊತೆ ಪಟಪಟ ಮಾತಾಡುವುದನ್ನು ನೋಡಿ ಇದಕ್ಕೆ ಇಂಗ್ಲಿಷ್ ಬಂತು ಎಂದು ಕೈಬಿಡುವ ಶಾಲೆಗಳು ಎಡವುವುದು ಇಲ್ಲೇ. ಮಾತು ಬರುತ್ತದೆ, ಪಾಠ ಹತ್ತುವುದಿಲ್ಲ. ಆರು ವರ್ಷ ದಾಟಿದರೂ ಪಟ್ಟಿಯಲ್ಲೇ ಉಳಿದ ಇಂಥ ಮಕ್ಕಳ ಬಗ್ಗೆ ಲಾರಿ ಓಲ್ಸನ್ 2010ರಲ್ಲಿ ಬರೆದ ವರದಿ ಕ್ಯಾಲಿಫೋರ್ನಿಯಾದ ಕಣ್ತೆರೆಸಿತು. ಆ ಮಕ್ಕಳಲ್ಲಿ ಬಹುಪಾಲು ಆ ನೆಲದಲ್ಲೇ ಓದು ಶುರು ಮಾಡಿದವರು ಎಂಬುದು ಮನಸ್ಸಿಗೆ ನಾಟುವ ಸಂಗತಿ.

ಇಲ್ಲಿ ಹೊರಗಿನವರಿಗೆ ಸುಲಭವಾಗಿ ಕಾಣದ ಇನ್ನೊಂದು ನಷ್ಟವಿದೆ. ಪಟ್ಟಿಯಲ್ಲಿರುವ ಮಗುವಿಗೆ ಶಾಲಾ ಸಮಯದಲ್ಲೇ ಪ್ರತ್ಯೇಕ ಇಂಗ್ಲಿಷ್ ಪಾಠ ಮಾಡಬೇಕೆಂದು ನಿಯಮ. ಅದು ಸರಿಯೇ. ಆದರೆ ಮಾಧ್ಯಮಿಕ ಶಾಲೆಗಳ ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗ ಮಾಡಲು ಸಾಮಾನ್ಯವಾಗಿ ಕಿತ್ತುಹಾಕುವುದು ಸಂಗೀತ, ಚಿತ್ರಕಲೆ, ನಾಟಕದ ಅವಧಿಯನ್ನು. ಬೇರೆ ಮಕ್ಕಳು ವಾದ್ಯ ನುಡಿಸಲು ಹೋದಾಗ ಈ ಮಕ್ಕಳು ವ್ಯಾಕರಣಕ್ಕೆ ಕೂರುತ್ತಾರೆ. ಬಾಯಿಬಿಟ್ಟು, ಮೈಮರೆತು, ತಪ್ಪಿದರೂ ಯಾರೂ ಅಂಕ ಕಳೆಯದ ಕಡೆ ಮಾತಾಡುವ ಅವಕಾಶ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರಿಂದಲೇ ಅದನ್ನು ಕಸಿದಂತಾಗುತ್ತದೆ. ಶಾಲೆ ಬಿಟ್ಟ ಮೇಲಿನ ಹೊತ್ತು ಇದನ್ನು ಮರಳಿ ಕೊಡಬಲ್ಲದು. ಆ ಮೂರು ತಾಸಿನ ನಿಜವಾದ ಬೆಲೆ ಇದೇ ಎಂದು ನನ್ನ ನಂಬಿಕೆ.

ಶಾಲೋತ್ತರ ಕೇಂದ್ರಗಳಿಗೆ ಹಣ ಬರುವುದು ಮುಖ್ಯವಾಗಿ ಎರಡು ಕಡೆಯಿಂದ. ಕೇಂದ್ರ ಸರ್ಕಾರದ್ದು ‘ಇಪ್ಪತ್ತೊಂದನೇ ಶತಮಾನದ ಸಮುದಾಯ ಕಲಿಕಾ ಕೇಂದ್ರ’ ಎಂಬ ಯೋಜನೆ. 1994ರ ಕಾಯ್ದೆಯಲ್ಲಿ ಸಣ್ಣದಾಗಿ ಹುಟ್ಟಿ, ಕ್ಲಿಂಟನ್ ಕಾಲದಲ್ಲಿ ದೊಡ್ಡದಾದ ಇದಕ್ಕೆ ಈಗ ವರ್ಷಕ್ಕೆ ಸುಮಾರು 130 ಕೋಟಿ ಡಾಲರ್. ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಇದರ ನೆರಳಲ್ಲಿದ್ದಾರೆ. ಕ್ಯಾಲಿಫೋರ್ನಿಯಾದ್ದು ಇನ್ನೂ ಕುತೂಹಲದ ಕತೆ. 2002ರ ನವೆಂಬರಿನಲ್ಲಿ ಅಲ್ಲಿನ ಮತದಾರರು ‘ಪ್ರಸ್ತಾವನೆ 49’ಕ್ಕೆ ಒಪ್ಪಿಗೆ ಕೊಟ್ಟರು. ಮುಂದೆ ನಿಂತು ಪ್ರಚಾರ ಮಾಡಿದವರು ಸಿನಿಮಾ ನಟ ಆರ್ನಾಲ್ಡ್ ಶ್ವಾರ್ಜ್‌ನೆಗರ್, ಆಗಿನ್ನೂ ಗವರ್ನರ್ ಆಗಿರಲಿಲ್ಲ. 21ನೇ ವಯಸ್ಸಿನಲ್ಲಿ ಆಸ್ಟ್ರಿಯಾದಿಂದ ತೊದಲು ಇಂಗ್ಲಿಷ್ ಹೊತ್ತು ಬಂದು, ಸಾಂಟಾ ಮೋನಿಕಾದ ಸಮುದಾಯ ಕಾಲೇಜಿನಲ್ಲಿ ಭಾಷೆ ಕಲಿತವರು ಅವರು. ಆ ಪ್ರಸ್ತಾವನೆಯ ಫಲವಾಗಿ 2006ರಿಂದ ಪ್ರತಿವರ್ಷ 55 ಕೋಟಿ ಡಾಲರ್ ಶಾಲೋತ್ತರ ಕೇಂದ್ರಗಳಿಗೆ ಮೀಸಲಾಯಿತು. ಸಂಜೆ ಆರರವರೆಗೆ ತೆರೆದಿರಬೇಕು, ಇಪ್ಪತ್ತು ಮಕ್ಕಳಿಗೆ ಒಬ್ಬರಾದರೂ ನೋಡಿಕೊಳ್ಳುವವರಿರಬೇಕು, ಓದಿನ ನೆರವು ಇರಬೇಕು, ಕಲೆ ಆಟೋಟ ಇರಬೇಕು, ತಿನ್ನಲು ಏನಾದರೂ ಕೊಡಬೇಕು ಎಂಬುದು ಷರತ್ತು. ನಮ್ಮ ಬಿಸಿಯೂಟ ಕಂಡವರಿಗೆ ಕೊನೆಯ ಷರತ್ತಿನ ಮಹತ್ವ ಬಿಡಿಸಿ ಹೇಳಬೇಕಾಗಿಲ್ಲ. 2021ರಲ್ಲಿ ರಾಜ್ಯ ಇದರ ಮೇಲೆ ಇನ್ನೊಂದು ದೊಡ್ಡ ಯೋಜನೆ ತಂದಿತು. ಆರನೇ ತರಗತಿಯವರೆಗಿನ ಮಕ್ಕಳಿಗೆ ಶಾಲೆಯೂ ಸೇರಿ ದಿನಕ್ಕೆ ಒಂಬತ್ತು ಗಂಟೆ, ಜೊತೆಗೆ ರಜೆಯಲ್ಲಿ 30 ದಿನ. ಹಣ ಹಂಚುವಾಗ ಬಡಮಕ್ಕಳು, ಸಾಕುಮನೆಗಳಲ್ಲಿರುವ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು ಎಷ್ಟಿದ್ದಾರೆ ಎಂಬ ಲೆಕ್ಕವೇ ಅಳತೆಗೋಲು.

ಇಷ್ಟು ಹಣ ಸುರಿದು ಏನಾಯಿತು? 2003ರಲ್ಲಿ ಕೇಂದ್ರದ ಯೋಜನೆಯ ಮೌಲ್ಯಮಾಪನ ಮಾಡಿದ ಮ್ಯಾಥಮ್ಯಾಟಿಕಾ ಸಂಸ್ಥೆ, ಮಕ್ಕಳ ಓದಿನಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ ಎಂದಿತು. ಅದನ್ನೇ ಹಿಡಿದು ಬುಷ್ ಸರ್ಕಾರ ಅನುದಾನವನ್ನು 100 ಕೋಟಿಯಿಂದ 60 ಕೋಟಿಗೆ ಇಳಿಸಲು ಹೊರಟಿತು. ಸಂಸತ್ತು ಒಪ್ಪಲಿಲ್ಲ. ಒಪ್ಪದಿದ್ದದ್ದು ಒಳ್ಳೆಯದಾಯಿತು. ಆದರೆ ಆ ವರದಿಯನ್ನು ತಳ್ಳಿಹಾಕುವಂತೆಯೂ ಇಲ್ಲ. 2007ರಲ್ಲಿ ಜೋಸೆಫ್ ಡರ್ಲಾಕ್ ಮತ್ತು ರೋಜರ್ ವೈಸ್‌ಬರ್ಗ್ ಹತ್ತಾರು ಶಾಲೋತ್ತರ ಕಾರ್ಯಕ್ರಮಗಳನ್ನು ಒಟ್ಟಿಗಿಟ್ಟು ನೋಡಿದಾಗ ಉತ್ತರ ತಿಳಿಯಾಯಿತು. ಮಕ್ಕಳನ್ನು ಸುಮ್ಮನೆ ಕೂಡಿಹಾಕಿದ ಕಡೆ ಏನೂ ಆಗಲಿಲ್ಲ. ಏನು ಕಲಿಸಬೇಕೆಂಬುದು ನಿಚ್ಚಳವಾಗಿದ್ದು, ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿ, ಮಕ್ಕಳ ಕೈಯಲ್ಲೇ ಮಾಡಿಸಿ, ಅದಕ್ಕೆಂದೇ ಹೊತ್ತು ಕೊಟ್ಟ ಕಡೆ ಓದೂ ಸುಧಾರಿಸಿತು, ನಡವಳಿಕೆಯೂ ಸುಧಾರಿಸಿತು.

ಇಂಗ್ಲಿಷ್ ಕಲಿಯುವ ಮಗುವಿನ ವಿಷಯದಲ್ಲಿ ಇದರ ಅರ್ಥ ಏನು? ಎಷ್ಟೋ ಕೇಂದ್ರಗಳಲ್ಲಿ ಮೊದಲ ಒಂದು ಗಂಟೆ ಸದ್ದಿಲ್ಲದೆ ಹೋಮ್‌ವರ್ಕ್ ಮಾಡುವ ಗಂಟೆ. ಪ್ರಶ್ನೆಯೇ ಅರ್ಥವಾಗದ ಮಗು ಪಕ್ಕದವನ ಉತ್ತರ ನಕಲು ಮಾಡಿ ಎದ್ದುಹೋಗುತ್ತದೆ, ಹಾಜರಿ ಪುಸ್ತಕದಲ್ಲಿ ನೆರವು ಪಡೆದವರ ಲೆಕ್ಕಕ್ಕೆ ಸೇರುತ್ತದೆ. ಅದೇ ಗಂಟೆಯಲ್ಲಿ ನಾಲ್ಕು ಮಕ್ಕಳನ್ನು ಕೂಡಿಸಿ, ತಟ್ಟೆಯಲ್ಲಿ ನೀರಿಟ್ಟು ಬಿಸಿಲಿಗಿಟ್ಟರೆ ಏನಾಗುತ್ತದೆ ಎಂದು ಮೊದಲು ಊಹಿಸಲು ಹೇಳಬಹುದು. ‘ನನಗೆ ಹೀಗನಿಸುತ್ತದೆ, ಯಾಕೆಂದರೆ...’ ಎಂದು ಶುರುವಾಗುವ ಅರ್ಧ ವಾಕ್ಯವನ್ನು ಇಂಗ್ಲಿಷಿನಲ್ಲಿ ಬೋರ್ಡಿನ ಮೇಲೆ ಬರೆದಿಟ್ಟರೆ ನಾಚುವ ಮಗುವೂ ಅದನ್ನು ಹಿಡಿದು ಮುಂದುವರಿಯುತ್ತದೆ. ಗೆಳೆಯನ ಜೊತೆ ಮೊದಲು ಸ್ಪ್ಯಾನಿಷಿನಲ್ಲೇ ಚರ್ಚಿಸಿ ಆಮೇಲೆ ಇಂಗ್ಲಿಷಿನಲ್ಲಿ ಹೇಳಲಿ. ನಾಟಕದ ಪಾತ್ರವೊಂದರ ಮಾತನ್ನು ಇಪ್ಪತ್ತು ಸಲ ಹೇಳಿದ ಮಗುವಿನ ನಾಲಿಗೆಗೆ ಆ ವಾಕ್ಯದ ಕಟ್ಟು ಒಗ್ಗಿಬಿಟ್ಟಿರುತ್ತದೆ, ವ್ಯಾಕರಣದ ಹೆಸರೆತ್ತುವ ಅಗತ್ಯವೇ ಬೀಳುವುದಿಲ್ಲ. ಇದಕ್ಕೆ ದುಬಾರಿ ಪುಸ್ತಕ, ಟ್ಯಾಬ್ಲೆಟ್ ಬೇಕಿಲ್ಲ. ಮಗು ಎಷ್ಟು ಹೊತ್ತು ಬಾಯಿಬಿಟ್ಟಿತು ಎಂದು ಗಮನಿಸುವ ಒಬ್ಬ ದೊಡ್ಡವರು ಬೇಕು.

ಆ ದೊಡ್ಡವರು ಯಾರು? ಸಾಮಾನ್ಯವಾಗಿ ಅದೇ ಬಡಾವಣೆಯ ಕಾಲೇಜು ಹುಡುಗ ಹುಡುಗಿಯರು. ಅವರಲ್ಲಿ ಅನೇಕರು ತಾವೇ ಒಂದು ಕಾಲಕ್ಕೆ ಆ ಪಟ್ಟಿಯಲ್ಲಿದ್ದವರು. ಮಗುವಿನ ಭಾಷೆ ಅವರಿಗೆ ಬರುತ್ತದೆ. ಸಂಜೆ ಕರೆದೊಯ್ಯಲು ಬಂದ ತಾಯಿಯ ಜೊತೆ ಅವಳ ಮಾತಿನಲ್ಲೇ ನಾಲ್ಕು ಮಾತಾಡುವುದು ಸಾಧ್ಯವಾಗುವುದು ಇವರಿಗೇ. ಶಾಲೆಗೂ ಮನೆಗೂ ನಡುವಿನ ಕೊಂಡಿ ಇವರು. ಇಂಥವರಿಗೆ ವ್ಯವಸ್ಥೆ ಕೊಡುವುದು ಕಡಿಮೆ ಸಂಬಳದ ಅರೆಕಾಲಿಕ ಕೆಲಸ. ಕ್ಯಾಲಿಫೋರ್ನಿಯಾದ ರಾಜ್ಯ ಅನುದಾನ ಒಂದು ಮಗುವಿಗೆ ದಿನಕ್ಕೆ ಏಳೂವರೆ ಡಾಲರ್ ಎಂದು 2006ರಲ್ಲಿ ಇದ್ದದ್ದು 2017ರವರೆಗೂ ಅಲುಗಲಿಲ್ಲ. 2007ರಲ್ಲಿ ರಾಜ್ಯದ ಕನಿಷ್ಠ ಕೂಲಿಯೂ ಗಂಟೆಗೆ ಅಷ್ಟೇ ಇತ್ತು. ಹತ್ತು ವರ್ಷದಲ್ಲಿ ಕೂಲಿ ದೊಡ್ಡ ಸಂಸ್ಥೆಗಳಲ್ಲಿ ಹತ್ತೂವರೆಗೆ ಏರಿತು, ಮಗುವಿನ ದರ ಏಳೂವರೆಯಲ್ಲೇ ನಿಂತಿತು. ಹೀಗಾದಾಗ ಅನುಭವ ಬಂದವರು ಬಿಟ್ಟುಹೋಗುತ್ತಾರೆ, ಮಗು ಪ್ರತಿವರ್ಷ ಹೊಸ ಮುಖಕ್ಕೆ ಹೊಂದಿಕೊಳ್ಳಬೇಕಾಗುತ್ತದೆ. ಆಮೇಲೆ ದರ ಏರಿತು ನಿಜ, ಆದರೆ ಆ ಹತ್ತು ವರ್ಷದ ಮಕ್ಕಳಿಗೆ ಅದು ಸಿಗಲಿಲ್ಲ.

ಮನೆಮಾತಿನ ಬಗ್ಗೆ ಕ್ಯಾಲಿಫೋರ್ನಿಯಾ ಒಂದು ದೊಡ್ಡ ಸುತ್ತು ಹಾಕಿ ಬಂದಿದೆ. 1998ರಲ್ಲಿ ‘ಪ್ರಸ್ತಾವನೆ 227’ರ ಮೂಲಕ ಮತದಾರರು ದ್ವಿಭಾಷಾ ಶಿಕ್ಷಣವನ್ನು ಹೆಚ್ಚುಕಡಿಮೆ ನಿಲ್ಲಿಸಿದ್ದರು. 2016ರಲ್ಲಿ ಅದೇ ಮತದಾರರು ‘ಪ್ರಸ್ತಾವನೆ 58’ರಿಂದ ಆ ತಡೆ ಕಿತ್ತುಹಾಕಿದರು. ನಡುವೆ, 2011ರಲ್ಲಿ, ಇಂಗ್ಲಿಷಿನ ಜೊತೆ ಇನ್ನೊಂದು ಭಾಷೆಯಲ್ಲೂ ಪ್ರಾವೀಣ್ಯ ತೋರಿದ ಹೈಸ್ಕೂಲು ಪದವೀಧರರ ಪ್ರಮಾಣಪತ್ರದ ಮೇಲೆ ‘ದ್ವಿಭಾಷಾ ಮುದ್ರೆ’ ಒತ್ತುವ ಪದ್ಧತಿಯನ್ನು ದೇಶದಲ್ಲಿ ಮೊದಲಿಗೆ ತಂದದ್ದೂ ಅದೇ ರಾಜ್ಯ. ಹಾಗಾಗಿ ಅಲ್ಲಿರುವ ಕನ್ನಡಿಗ ತಂದೆತಾಯಿಯರು ಅರ್ಜಿಯಲ್ಲಿ ನಿಜ ಬರೆಯಲಿ, ಮನೆಯಲ್ಲಿ ಕನ್ನಡ ಆಡಲಿ. ಇಂಗ್ಲಿಷಿಗೆ ಅದರಿಂದ ಅಡ್ಡಿಯಿಲ್ಲ.

2025 ಈ ಮಕ್ಕಳಿಗೆ ಕೆಟ್ಟ ವರ್ಷ. ಮಾರ್ಚಿನಲ್ಲಿ ಇಂಗ್ಲಿಷನ್ನು ದೇಶದ ಅಧಿಕೃತ ಭಾಷೆಯೆಂದು ಸಾರುವ ಅಧ್ಯಕ್ಷೀಯ ಆದೇಶ ಬಂತು. ಜುಲೈ 1ಕ್ಕೆ ರಾಜ್ಯಗಳಿಗೆ ಸೇರಬೇಕಿದ್ದ 600 ಕೋಟಿ ಡಾಲರಿಗೂ ಮೀರಿದ ಶಿಕ್ಷಣದ ಹಣವನ್ನು ಟ್ರಂಪ್ ಸರ್ಕಾರ ತಡೆಹಿಡಿಯಿತು. ಶಾಲೋತ್ತರ ಕೇಂದ್ರಗಳ ಹಣವೂ ಇಂಗ್ಲಿಷ್ ಕಲಿಯುವವರಿಗೆಂದೇ ಇರುವ ಹಣವೂ ಅದರಲ್ಲಿತ್ತು. ಎರಡು ಪಕ್ಷಗಳವರೂ ದನಿಯೆತ್ತಿದ ಮೇಲೆ ತಿಂಗಳ ಕೊನೆಯ ಹೊತ್ತಿಗೆ ಬಿಡುಗಡೆಯಾಯಿತು. ಇಂಗ್ಲಿಷ್ ಕಲಿಯುವವರ ಅನುದಾನವನ್ನೇ ಪೂರ್ತಿ ತೆಗೆಯುವ ಪ್ರಸ್ತಾಪ ಮುಂದಿನ ಬಜೆಟ್ಟಿಗೆಂದು ಮಂಡನೆಯಾಗಿತ್ತು. ಇಂಗ್ಲಿಷ್ ಎಲ್ಲರಿಗೂ ಬರಬೇಕು ಎನ್ನುವವರು ಅದನ್ನು ಕಲಿಸುವ ಹಣಕ್ಕೆ ಕತ್ತರಿ ಹಾಕುವುದು ಅನ್ಯಾಯ.

ನಮ್ಮ ನೆಲಕ್ಕೂ ಈ ಮಾತು ಸಲ್ಲುತ್ತದೆ. ತಾಂಡಾದಲ್ಲಿ ಲಂಬಾಣಿ ಆಡುವ ಮಗು ಕನ್ನಡದಲ್ಲಿ ಪಾಠ ಕೇಳುತ್ತದೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದ ಒಡಿಶಾ, ಬಿಹಾರದ ಕೂಲಿಗಳ ಮಕ್ಕಳು ಕನ್ನಡವೂ ಇಂಗ್ಲಿಷೂ ತಿಳಿಯದೆ ಕೂರುತ್ತಾರೆ. 2019ರಲ್ಲಿ ಕರ್ನಾಟಕ ಸರ್ಕಾರ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತು. ಅಲ್ಲಿ ಸೇರಿದ ಮಕ್ಕಳಿಗೆ ಶಾಲೆಯ ಗೇಟು ದಾಟಿದ ಮೇಲೆ ಇಂಗ್ಲಿಷ್ ಆಡಿ ನೋಡಲು ಒಂದು ಜಾಗವಿಲ್ಲ. ಟ್ಯೂಷನ್ ಹಣವಿದ್ದವರಿಗೆ ಮಾತ್ರ. ಆದರೆ ನಮ್ಮ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ಈಗ ಅರಿವು ಕೇಂದ್ರ ಎನ್ನುತ್ತೇವೆ. 2020ರ ‘ಓದುವ ಬೆಳಕು’ ಅಭಿಯಾನದ ನಂತರ ಮಕ್ಕಳು ದುಡ್ಡಿಲ್ಲದೆ ಸದಸ್ಯರಾಗಿ ಅಲ್ಲಿಗೆ ಹೋಗತೊಡಗಿದ್ದಾರೆ. ಕಟ್ಟಡ ಇದೆ, ಪುಸ್ತಕ ಇವೆ, ಮಕ್ಕಳಿದ್ದಾರೆ. ಇಲ್ಲದಿರುವುದು ಸಂಜೆ ಅವರ ಜೊತೆ ಕೂತು ಮಾತಾಡಿಸುವ, ಅವರ ಮನೆಮಾತು ಬಲ್ಲ, ಸರಿಯಾದ ಸಂಬಳ ಪಡೆಯುವ ಒಬ್ಬ ವ್ಯಕ್ತಿ. ಪಂಚಾಯಿತಿಗಳು ಮುಂದಿನ ಬಜೆಟ್ ಬರೆಯುವಾಗ ತಾಂಡಾದ ಒಬ್ಬ ಪಿಯುಸಿ ಓದಿದ ಹುಡುಗಿಗೆ ಆ ಕೆಲಸ ಕೊಡಲಿ. ಗ್ರಾಮಸಭೆಗೆ ಹೋಗುವ ಓದುಗರು ಇದನ್ನು ಎದ್ದು ನಿಂತು ಕೇಳಬೇಕು.