ದೋಣಿಗೋ, ಹೂವಿಗೋ?

ಕಾಲುವೆಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಬತ್ತದ ಗದ್ದೆ, ಕಬ್ಬಿನ ತೋಟ, ತೂಬಿನ ಬಳಿ ನೀರಿನ ಸರದಿಗಾಗಿ ನಡೆಯುವ ವಾಗ್ವಾದ. ಬ್ರಿಟನ್ನಿನ ಕಾಲುವೆಗಳ ಕಥೆ ಬೇರೆ. ಅವು ಬಹುಮಟ್ಟಿಗೆ ರೈಲು ಬರುವ ಮುಂಚೆ ಸರಕು ಸಾಗಿಸಲೆಂದು ತೋಡಿದ ಜಲಮಾರ್ಗಗಳು. ದಡದ ಮೇಲೆ ಕುದುರೆ ನಡೆಯುವುದು. ಅದಕ್ಕೆ ಹಗ್ಗದಿಂದ ಬಿಗಿದ ನೀಳವಾದ ದೋಣಿ ಹಿಂದೆ ತೇಲಿ ಬರುವುದು. ನೆಲ ಏರುವಲ್ಲಿ ಎರಡು ಬಾಗಿಲುಗಳ ನಡುವಿನ ಕೋಣೆಗೆ ನೀರು ತುಂಬಿಸಿ ದೋಣಿಯನ್ನು ಮೇಲೆತ್ತುವರು. ಇಳಿಯುವಲ್ಲಿ ನೀರು ಹೊರಬಿಟ್ಟು ಕೆಳಗಿಳಿಸುವರು. ಈ ಕೋಣೆಗೆ ಅಲ್ಲಿ ‘ಲಾಕ್’ ಎಂದು ಹೆಸರು.

ಇಂಗ್ಲೆಂಡಿನ ಶ್ರಾಪ್‌ಶೈರ್ ಸೀಮೆಯ ಫ್ರಾಂಕ್ಟನ್ ಎಂಬಲ್ಲಿ ಹೊರಟು, ಗಡಿ ದಾಟಿ, ವೇಲ್ಸ್ ನಾಡಿನ ನ್ಯೂಟೌನ್ ಪಟ್ಟಣದವರೆಗೆ ಸುಮಾರು 35 ಮೈಲಿ ಸಾಗುವ ಮಾಂಟ್‌ಗಮರಿ ಕಾಲುವೆ ಇಂಥವುಗಳಲ್ಲಿ ಒಂದು. 1794ರಲ್ಲಿ ಪಾರ್ಲಿಮೆಂಟು ಇದಕ್ಕೆ ಒಪ್ಪಿಗೆ ಕೊಟ್ಟಿತು. 1821ರ ಹೊತ್ತಿಗೆ ಅದು ನ್ಯೂಟೌನ್ ಮುಟ್ಟಿತು. ಕಾರ್ಖಾನೆಗಳಿಗಿಂತ ಬೇಸಾಯಗಾರರಿಗೇ ಹೆಚ್ಚು ಉಪಕಾರ ಮಾಡಿದ ಕಾಲುವೆಯಿದು. ಲಾನಮನೆಕ್ ಬೆಟ್ಟದ ಸುಣ್ಣಕಲ್ಲನ್ನು ದೋಣಿಗಳಲ್ಲಿ ತಂದು, ದಡದ ಗೂಡುಗಳಲ್ಲಿ ಸುಟ್ಟು, ಆ ಸುಣ್ಣವನ್ನು ಹೊಲಗಳಿಗೆ ಹಾಕುತ್ತಿದ್ದರು. ನೀರುಣಿಸದಿದ್ದರೂ ನೆಲಕ್ಕೆ ಸಾರ ಉಣಿಸಿತು.

ರೈಲು ಬಂದಿತು, ದೋಣಿಗಳ ಸಂಚಾರ ಇಳಿಯಿತು. 1936ರ ಫೆಬ್ರವರಿಯಲ್ಲಿ ಫ್ರಾಂಕ್ಟನ್ನಿನ ಸಮೀಪದಲ್ಲೇ ಒಡ್ಡು ಒಡೆದು ನೀರೆಲ್ಲ ಹೊರಗೆ ಹರಿದುಹೋಯಿತು. ಕಾಲುವೆಯ ಒಡೆತನವಿದ್ದುದು ಒಂದು ರೈಲ್ವೆ ಕಂಪನಿಗೆ! ತನ್ನ ಪ್ರತಿಸ್ಪರ್ಧಿಯ ಗಾಯಕ್ಕೆ ಮದ್ದು ಹಚ್ಚುವ ಆತುರ ಯಾವ ವ್ಯಾಪಾರಿಗಿದ್ದೀತು? ಒಡ್ಡು ಒಡೆದೇ ಉಳಿಯಿತು. 1944ರಲ್ಲಿ ಕಾಲುವೆಯನ್ನು ಕೈಬಿಡಲು ಕಾನೂನಿನ ಅನುಮತಿಯೂ ದೊರೆಯಿತು. ಆಮೇಲೆ ಕಮಾನು ಸೇತುವೆಗಳನ್ನು ಹಲವೆಡೆ ಕೆಡವಿ, ರಸ್ತೆಯನ್ನು ಕಾಲುವೆಯ ಮಟ್ಟಕ್ಕೇ ತಗ್ಗಿಸಿದರು. ಕೆಲವೆಡೆ ಪಾತ್ರ ಒಣಗಿತು. ಕೆಲವೆಡೆ ನೀರು ನಿಂತು ಜೊಂಡು ಬೆಳೆಯಿತು.

ಮೊದಲ ವ್ಯಾಜ್ಯ ಎದ್ದುದು ವೆಲ್ಷ್‌ಪೂಲ್ ಪಟ್ಟಣದಲ್ಲಿ. ಊರ ನಡುವೆ ನುಗ್ಗುವ ವಾಹನಗಳಿಂದ ಬೇಸತ್ತ ಅಧಿಕಾರಿಗಳಿಗೆ ಹೊರದಾರಿಯೊಂದು ಬೇಕಿತ್ತು. ಹಾಳುಬಿದ್ದ ಕಾಲುವೆಯ ಪಾತ್ರವೇ ಅವರ ಕಣ್ಣಿಗೆ ಬಿದ್ದಿತು. ಮನೆ ಕೆಡವಬೇಕಿಲ್ಲ, ಹೊಲ ಕೊಳ್ಳಬೇಕಿಲ್ಲ. ಮಣ್ಣು ತುಂಬಿ ಟಾರು ಹಾಕಿದರಾಯಿತು. ಲೆಕ್ಕದ ಕಾಗದದ ಮೇಲೆ ಇದಕ್ಕಿಂತ ಸುಲಭದ ಯೋಜನೆ ಇರಲಾರದು. ಆದರೆ 1969ರ ಅಕ್ಟೋಬರ್ ತಿಂಗಳ ಒಂದು ವಾರಾಂತ್ಯದಲ್ಲಿ ನೂರಾರು ಸ್ವಯಂಸೇವಕರು ಗುದ್ದಲಿ, ಸನಿಕೆ ಹಿಡಿದು ಪಟ್ಟಣದ ಕಾಲುವೆಗಿಳಿದರು. ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಕಸಕಡ್ಡಿಗಳನ್ನೆಲ್ಲ ಎತ್ತಿಹಾಕಿದರು. ಮನವಿಪತ್ರಗಳಿಂದಾಗದ ಕೆಲಸ ಆ ಕೆಸರಿನಿಂದಾಯಿತೆನ್ನಬೇಕು. ಸತ್ತಿತೆಂದುಕೊಂಡಿದ್ದ ಕಾಲುವೆಯನ್ನು ಊರವರು ಮತ್ತೆ ನೋಡಿದರು. ಸಾರ್ವಜನಿಕ ವಿಚಾರಣೆಯ ತರುವಾಯ ಆ ರಸ್ತೆಯ ಯೋಜನೆ ಬಿದ್ದುಹೋಯಿತು. ಕಡೆಗೆ ಹೊರದಾರಿ ಬಂದುದು ಬೇರೆ ಕಡೆಯಿಂದ: 1990ರ ದಶಕದ ಆರಂಭದಲ್ಲಿ ಹೊಸ ರಸ್ತೆಗೆ ಎಡೆಗೊಡಲು ರೈಲು ನಿಲ್ದಾಣವೇ ಪಕ್ಕಕ್ಕೆ ಸರಿಯಬೇಕಾಯಿತು. ಕಾಲುವೆಯನ್ನು ಕೊಂದ ರೈಲು ಕಾಲುವೆಗಾಗಿ ಜಾಗ ಬಿಟ್ಟಂತಾಯಿತು!

ರಸ್ತೆಯವರು ಹೊರಗಿನ ವೈರಿಗಳು. ಅವರನ್ನು ಎದುರಿಸುವುದು ಕಷ್ಟವಾದರೂ ಅದರಲ್ಲಿ ಗೊಂದಲವಿರಲಿಲ್ಲ. ಎರಡನೆಯ ವ್ಯಾಜ್ಯದ ರೀತಿ ಅದಲ್ಲ. ಇಲ್ಲಿ ಎದುರು ನಿಂತವರೂ ಕಾಲುವೆಯನ್ನು ಪ್ರೀತಿಸುವವರೇ.

ದೋಣಿಗಳಿಲ್ಲದ ನಿಶ್ಚಲ ಜಲದಲ್ಲಿ, ಯಾರ ಗಮನಕ್ಕೂ ಬಾರದೆ, ಒಂದು ಸಣ್ಣ ಸಸ್ಯ ಹಬ್ಬಿಕೊಂಡಿತ್ತು. ಸಸ್ಯಶಾಸ್ತ್ರಜ್ಞರು ಕರೆಯುವ ಹೆಸರು ಲುರೋನಿಯಂ ನಾಟಾನ್ಸ್. ನೀರೊಳಗೆ ಪಟ್ಟಿಯಂಥ ತೆಳುವಾದ ಎಲೆ, ನೀರ ಮೇಲೆ ತೇಲುವ ಪುಟ್ಟ ಮೊಟ್ಟೆಯಾಕಾರದ ಎಲೆ; ಮೂರೇ ದಳದ ಬಿಳಿಯ ಹೂವು, ದಳದ ಬುಡದಲ್ಲಿ ಹಳದಿಯ ಚುಕ್ಕೆ. ಯೂರೋಪಿನಲ್ಲಿ ಮಾತ್ರವೇ ಬೆಳೆಯುವ ಈ ಸಸ್ಯ ಅಲ್ಲಿಯೂ ವಿರಳವಾಗುತ್ತಿದೆ. ಅದರ ಬಹು ದೊಡ್ಡ ನೆಲೆಗಳಲ್ಲೊಂದು ಈ ಹಾಳು ಕಾಲುವೆಯ ವೇಲ್ಸ್ ಭಾಗ. ಆ ಭಾಗ ಐರೋಪ್ಯ ಕಾನೂನಿನಂತೆ ವಿಶೇಷ ಸಂರಕ್ಷಣೆಯ ಪ್ರದೇಶವೆನಿಸಿತು.

ದೋಣಿಯ ಯಂತ್ರದ ಚಕ್ರ ಹೂಳನ್ನು ಕದಡುತ್ತದೆ. ಕದಡಿದ ನೀರಿನಲ್ಲಿ ಬೆಳಕಿಳಿಯದೆ ಸಸ್ಯ ಸೊರಗುತ್ತದೆ. ‘ಹಾಗಾದರೆ ದೋಣಿ ಬೇಡ’ ಎಂದರು ಒಂದು ಪಕ್ಷದವರು. ‘ದೋಣಿ ಹೋಗದ ಕಾಲುವೆ ಕಾಲುವೆಯೇ ಅಲ್ಲ, ಚರಂಡಿ’ ಎಂದರು ಮತ್ತೊಂದು ಪಕ್ಷದವರು. ಇಷ್ಟರಲ್ಲೇ ಮುಗಿದಿದ್ದರೆ ತೀರ್ಪು ಹೇಳುವುದು ಸುಲಭವಾಗಿತ್ತು. ದೋಣಿಯನ್ನು ಪೂರ್ತಿಯಾಗಿ ತಡೆದರೂ ಹೂವು ಉಳಿಯುವುದಿಲ್ಲ! ಹೂಳೆತ್ತುವವರಿಲ್ಲದಿದ್ದರೆ ಜೊಂಡು ಮುಚ್ಚಿಕೊಂಡು, ದಡದ ಮರಗಳ ನೆರಳು ಕವಿದು, ಕಾಲುವೆ ಕ್ರಮೇಣ ಜೌಗಾಗಿ ಬತ್ತುತ್ತದೆ. ಆಗ ದೋಣಿಯೂ ಇಲ್ಲ, ಹೂವೂ ಇಲ್ಲ. ಆ ಸಸ್ಯಕ್ಕೆ ಬೇಕಾದುದು ಮಿತವಾದ ಕಲಕು. ಎಷ್ಟು ಮಿತ ಎಂಬುದೇ ಜಗಳದ ತಿರುಳು.

1987ರಲ್ಲಿ ಪಾರ್ಲಿಮೆಂಟು ಪುನರುದ್ಧಾರಕ್ಕೆ ಅಧಿಕಾರ ನೀಡಿತು. ಅದೇ ವರ್ಷ ಫ್ರಾಂಕ್ಟನ್ನಿನ ಲಾಕುಗಳು ತೆರೆದವು. ಮುಂದೆ ಆಸ್ಟನ್ ಎಂಬಲ್ಲಿ ಕಾಲುವೆಯ ಪಕ್ಕದಲ್ಲೇ ಜಲಸಸ್ಯಗಳಿಗಾಗಿ ಪ್ರತ್ಯೇಕ ಕೊಳಗಳನ್ನು ತೋಡಿದರು. ಫ್ರಾಂಕ್ಟನ್ನಿನಲ್ಲಿ ದಿನಕ್ಕೆ ಇಷ್ಟೇ ದೋಣಿಗಳೆಂಬ ಮಿತಿಯೂ, ಮೊದಲೇ ತಿಳಿಸಿ ಬರಬೇಕೆಂಬ ಕಟ್ಟಳೆಯೂ ಬಂದವು. 2005ರಲ್ಲಿ ಎರಡು ಪಕ್ಷದವರೂ ಸ್ಥಳೀಯ ಆಡಳಿತದವರೂ ಕೂಡಿ ಒಂದು ಸಂರಕ್ಷಣಾ ಕ್ರಮಕ್ಕೆ ಒಪ್ಪಿದರು: ದೋಣಿಗೆ ದಾರಿ ಬಿಡಬೇಕಾದರೆ ಮೊದಲು ಹೂವಿಗೆ ಬೇರೆ ಮನೆ ಕಟ್ಟಿಕೊಡಬೇಕು. ತನ್ನ ಪರವಾಗಿ ಮಾತನಾಡಲಾರದ ಒಂದು ಸಸ್ಯಕ್ಕೆ ಇಷ್ಟು ಮರ್ಯಾದೆ ದೊರೆತುದು ಸಣ್ಣ ಸಂಗತಿಯಲ್ಲ. ಆದರೆ ಮನೆ ಕಟ್ಟಿದರೆ ಸಾಲದು. ಅದನ್ನು ವರ್ಷ ವರ್ಷವೂ ಶುಚಿಮಾಡಿ ಕಾಯಬೇಕು. ಆ ಖರ್ಚು ಯಾರದು ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಏಳುವಂಥದು. ವಾರಾಂತ್ಯಗಳನ್ನೆಲ್ಲ ಕೆಸರಿನಲ್ಲಿ ಕಳೆದು ಮುದುಕರಾದ ಸ್ವಯಂಸೇವಕರ ಬೇಸರವನ್ನೂ ಅಲ್ಲಗಳೆಯುವಂತಿಲ್ಲ.

2023ರಲ್ಲಿ ಇಂಗ್ಲೆಂಡಿನ ಕಡೆಯಿಂದ ನೀರು ಕ್ರಿಕ್‌ಹೀತ್ ಎಂಬ ಹಳ್ಳಿಯವರೆಗೆ ಬಂದು, ದೋಣಿಗಳು ಅಲ್ಲಿಯ ತನಕ ಹೋಗುವಂತಾಯಿತು. ಅಲ್ಲಿಂದ ಗಡಿಯ ಲಾನಮನೆಕ್‌ವರೆಗಿನ ಎರಡು ಮೈಲಿಯಷ್ಟು ಒಣ ಪಾತ್ರದಲ್ಲಿ ಹೂವಿನ ತಕರಾರಿಲ್ಲ. ನೀರೇ ಇಲ್ಲದಲ್ಲಿ ಹೂವೆಲ್ಲಿ? ಗುದ್ದಲಿಯವರು ಆ ಪಾತ್ರವನ್ನು ದಾಟಿ ಗಡಿ ಮುಟ್ಟಿದಾಗ, ಆಚೆಯ ನಿಂತ ನೀರಿನಲ್ಲಿ ಬಿಳಿಯ ಹೂವು ತೇಲುತ್ತಿರುತ್ತದೆ.